ಮಲೆನಾಡಿನಲ್ಲಿ ಲೆಕ್ಕವು ಲೋಕಸೇವೆಗೆ ಒದಗಿದ ಬಗೆ

ಲೆಕ್ಕವೆಂಬ ಮಾತು ಕಿವಿಗೆ ಬಿದ್ದೊಡನೆ ಗ್ರಾಮವಾಸಿಗಳ ಮನಸ್ಸಿನಲ್ಲಿ ಕಂದಾಯ, ಸಾಲ, ಬಡ್ಡಿ ಇವೇ ಮೂಡುವುದು ಸಹಜವಾಗಿದೆ. ಬರೆದುಕೊಳ್ಳಲು ಬರುವವನು ಕೇಳಿ ಪಡೆಯುವುದಕ್ಕೆ ಬರುವನೇ ಹೊರತು ಕೊಡುವುದಕ್ಕೆ ಬರುವವನಲ್ಲವೆಂಬ ಭಾವನೆಯು ಬಹುಕಾಲದಿಂದ ಬೇರೂರಿರುವುದು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ಮಲೆನಾಡು ತಾಲ್ಲೂಕುಗಳ ಪೂರ್ವೋತ್ತರವನ್ನು ಪರಿಶೀಲಿಸಿದರೆ, ನೆಟ್ಟಗೆ ಬರೆದಿಟ್ಟ ಲೆಕ್ಕವು ಜನರ ಬೇಸಾಯಕ್ಕೂ ಜೀವಕ್ಕೂ ಕಾವಲಾಗಬಲ್ಲುದೆಂಬುದು ತಿಳಿದುಬರುತ್ತದೆ. ಬರೆಯಬೇಕಾದುದನ್ನು ಬರೆಯದೆ ಹೋದಾಗ, ಅಥವಾ ಬರೆದುದು ಸಕಾಲದಲ್ಲಿ ತಕ್ಕವರಿಗೆ ಮುಟ್ಟದೆ ಹೋದಾಗ, ಎಂತಹ ಹಾನಿಯು ಒದಗಬಹುದೆಂಬುದೂ ಅದೇ ಚರಿತ್ರೆಯಿಂದಲೇ ಸ್ಪಷ್ಟವಾಗುತ್ತದೆ.

ದಾಸೋಹದ ಮನೆಯ ರೀತಿಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ನಿನ್ನೆ ಎಷ್ಟು ಎಲೆ ಬಿದ್ದುವೆಂಬುದನ್ನು ತಿಳಿದವನೇ ಇಂದು ಎಷ್ಟು ಅಕ್ಕಿ ಹಾಕಬೇಕೆಂಬುದನ್ನು ಬಲ್ಲನು. ಆ ಲೆಕ್ಕವನ್ನು ಬಿಟ್ಟವನು ಒಂದು ದಿನ ಅನ್ನವನ್ನು ಚೆಲ್ಲುವನು, ಇನ್ನೊಂದು ದಿನ ಹಸಿದವರನ್ನು ಹಿಂದಕ್ಕೆ ಕಳುಹಿಸುವನು.

ಈ ಸೀಮೆಯ ಲೆಕ್ಕದ ಚರಿತ್ರೆಯಲ್ಲಿ ಮೊದಲು ಸ್ಮರಿಸತಕ್ಕ ಹೆಸರು ಕೆಳದಿಯ ಶಿವಪ್ಪನಾಯಕನದು. ೧೬೪೫ರಿಂದ ೧೬೬೦ರವರೆಗೆ ರಾಜ್ಯವಾಳಿದ ಈ ದೊರೆಯು ಈಗಿನ ಹೊಸನಗರ ತಾಲ್ಲೂಕಿಗೆ ಸೇರಿದ ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದನು. ಅವನು ಏರ್ಪಡಿಸಿದ ಭೂಕಂದಾಯದ ಕ್ರಮವು 'ಶಿಸ್ತು' ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ದೊರೆಯನ್ನೇ ಜನರು 'ಶಿಸ್ತಿನ ಶಿವಪ್ಪನಾಯಕ'ನೆಂದು ಕರೆಯುವಂತಾಯಿತು. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಗಳಾಗಿ ವಿಂಗಡಿಸಿ, ಒಂದೊಂದು ತರಗತಿಯ ಭೂಮಿಯನ್ನೂ ೧೨ ವರ್ಷಗಳ ಕಾಲ ಅರಮನೆಯ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ವರ್ಷವರ್ಷಕ್ಕೂ ಬರೆಯಿಸಿ, ಅವುಗಳ ಸರಾಸರಿಯ ಮೇಲೆ ಅರಮನೆಯ ಪಾಲನ್ನು ಗೊತ್ತುಮಾಡಿದನೆಂದು ಚರಿತ್ರೆಕಾರರು ಹೇಳಿರುವರು. ಅಡಕೆಯ ತೋಟಗಳನ್ನು ಅಳೆದ ಗಳೆಯ ಉದ್ದವನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನಲ್ಲಿ ಗುರುತಿಸಿರುವುದಾಗಿ ಬಹುಕಾಲದ ಪ್ರತೀತಿಯಿದೆ.

ಈ ಏರ್ಪಾಡಿನಲ್ಲಿ ಮೂರು ಅಂಶಗಳು ಗಮನಾರ್ಹವಾಗಿರುವುವು. ಲೆಕ್ಕವನ್ನು ದೂರದ ಚಾವಡಿಯಲ್ಲಿ ಊಹೆಯಿಂದ ಕಟ್ಟದೆ, ಬೆಳೆ ಬೆಳೆದ ನೆಲದಲ್ಲಿಯೇ ನಿಂತು ಬರೆದುದು ಮೊದಲನೆಯದು. ಒಂದು ವರ್ಷದ ಅತಿವೃಷ್ಟಿಯನ್ನಾಗಲಿ ಒಂದು ವರ್ಷದ ಸುಭಿಕ್ಷವನ್ನಾಗಲಿ ನಂಬದೆ ಹನ್ನೆರಡು ವರ್ಷ ಕಾದುದು ಎರಡನೆಯದು. ಅಳತೆಯ ಗಳೆಯನ್ನು ಎಲ್ಲರ ಕಣ್ಣಿಗೂ ಬೀಳುವ ದೇವಾಲಯದಲ್ಲಿ ಗುರುತಿಸಿ, ಅಳೆಯುವವನಿಗೂ ಅಳೆಯಿಸಿಕೊಳ್ಳುವವನಿಗೂ ಒಂದೇ ಪ್ರಮಾಣವೆಂದು ತೋರಿಸಿದುದು ಮೂರನೆಯದು. ಸ್ಥಳದಲ್ಲಿಯೇ ಬರೆಯುವುದು, ಬಹುಕಾಲ ಬಿಡದೆ ಬರೆಯುವುದು, ಬರೆದುದನ್ನು ಮರೆಮಾಡದಿರುವುದು ಎಂಬ ಈ ಮೂರು ನಿಯಮಗಳು, ಮುನ್ನೂರು ವರ್ಷಗಳಾದ ಮೇಲೆ ಇದೇ ಕಾಡುಗಳಲ್ಲಿ ಬೇರೊಂದು ಕಾರ್ಯಕ್ಕೆ ಅವಶ್ಯವಾದುವು. ಆಗ ಎಣಿಸಬೇಕಾಗಿ ಬಂದುದು ಬೆಳೆಯನ್ನಲ್ಲ, ಕಾಡಿನಲ್ಲಿ ಸತ್ತುಬಿದ್ದ ಮಂಗಗಳನ್ನು.

೧೯೫೭ರ ಬೇಸಗೆಯ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗೆ ಜಿಲ್ಲೆಯಲ್ಲಿ, ಸಾಗರಕ್ಕೆ ನೆರೆಯದಾದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಣ ಹಳ್ಳಿಗರು ಒಂದು ವಿಚಿತ್ರವನ್ನು ಕಂಡರು. ಮರದ ಮೇಲೆ ಹಾರಾಡುತ್ತಿದ್ದ ಮುಸುವಗಳೂ ಮಂಗಗಳೂ ನೆಲಕ್ಕುರುಳಿ ಸಾಯುತ್ತಿದ್ದುವು. ಅದೇ ಕಾಲದಲ್ಲಿ ಕಾಡಿಗೆ ಹೋಗಿ ಬಂದ ಜನರಿಗೆ ಇದ್ದಕ್ಕಿದ್ದಂತೆ ವಿಪರೀತ ಜ್ವರ, ಹಣೆಯಲ್ಲಿ ಸಹಿಸಲಾರದ ನೋವು, ಮೈಕೈ ಸೆಳೆತ, ನಿತ್ರಾಣ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತಸ್ರಾವ ಇವು ಕಾಣಿಸಿಕೊಂಡುವು. ಮಂಗದ ಸಾವಿಗೂ ಮನುಷ್ಯನ ಜ್ವರಕ್ಕೂ ಸಂಬಂಧವಿದೆಯೆಂದು ಮೊದಲು ಕಂಡುಕೊಂಡವರು ಕಾಡಿನಂಚಿನ ಹಳ್ಳಿಗರೇ. ರೋಗಕ್ಕೆ 'ಮಂಗನ ಕಾಯಿಲೆ' ಎಂಬ ಹೆಸರು ಬಂದುದರಲ್ಲಿಯೇ ಆ ಗ್ರಾಮಜ್ಞಾನವು ಅಡಗಿದೆ.

ಈ ವಾರ್ತೆಯು ವೈದ್ಯಶಾಸ್ತ್ರಜ್ಞರಲ್ಲಿ ದೊಡ್ಡ ಕಳವಳವನ್ನು ಹುಟ್ಟಿಸಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಅದು ಹಳದಿ ಜ್ವರದ ಮುನ್ಸೂಚನೆಯೆಂದು ಭಾವಿಸುವರು. ಏಷ್ಯಾ ಖಂಡಕ್ಕೆ ಎಂದೂ ಕಾಲಿಡದಿದ್ದ ಆ ಮಾರಿಯು ಮಲೆನಾಡಿನಲ್ಲಿ ತಲೆದೋರಿತೋ ಎಂಬ ಭಯವು ಆಗ ಉಂಟಾಯಿತು. ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದ ವಿದ್ವಾಂಸರು ಧಾವಿಸಿ ಬಂದು, ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ರೋಗಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅದು ಹಳದಿ ಜ್ವರದ್ದಾಗಿರದೆ, ರಷ್ಯಾ ದೇಶದಲ್ಲಿ ಉಣ್ಣೆಗಳಿಂದ ಹರಡುವ ಕೆಲವು ಜ್ವರಗಳ ರೋಗಾಣುಗಳಿಗೆ ಹತ್ತಿರವಾದ, ಅದುವರೆಗೆ ಲೋಕಕ್ಕೆ ತಿಳಿಯದಿದ್ದ ಹೊಸ ವೈರಸ್ಸೆಂದು ಸಿದ್ಧಪಟ್ಟಿತು. ಹೀಗೆ ಕ್ಯಾಸನೂರೆಂಬ ಚಿಕ್ಕ ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೇರಿಹೋಯಿತು. ೧೯೫೭ರಲ್ಲಿ ೪೬೬ ಮಂದಿಯೂ, ೧೯೫೮ರಲ್ಲಿ ೧೮೧ ಮಂದಿಯೂ ಈ ಕಾಯಿಲೆಗೆ ಗುರಿಯಾದರೆಂದು ಲೆಕ್ಕವಿದೆ.

ರೋಗವು ಹರಡುವ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು. ಕಾಡಿನ ದರಗಿನಲ್ಲಿಯೂ ಪೊದೆಗಳಲ್ಲಿಯೂ ವಾಸಿಸುವ ಉಣ್ಣೆ, ಅಂದರೆ ಮಲೆನಾಡಿನವರು ಉಣುಗು ಎನ್ನುವ ಕೀಟವು, ಇದರ ವಾಹಕವಾಗಿದೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ಮಳೆಗಾಲವು ಕಳೆದ ಮೇಲೆ ಹೆಚ್ಚುವುವು. ರೋಗವಿರುವ ಮಂಗವು ಸತ್ತೊಡನೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು, ಆ ಸ್ಥಳವೆಲ್ಲ ರೋಗದ ಗೂಡಾಗುವುದು. ಆ ದಾರಿಯಲ್ಲಿ ಸೌದೆಗೋ, ಸೊಪ್ಪಿಗೋ, ದರಗಿಗೋ, ದನ ಕಾಯುವುದಕ್ಕೋ ಹೋದವರನ್ನು ಅವು ಕಚ್ಚಿದರೆ ಮೂರರಿಂದ ಎಂಟು ದಿನಗಳೊಳಗಾಗಿ ಜ್ವರವು ಕಾಣಿಸಿಕೊಳ್ಳುವುದು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಅಡಕೆಯ ತೋಟಕ್ಕೂ ಕೊಟ್ಟಿಗೆಗೂ ದರಗು ಗುಡಿಸಿ ತರುವ ಕಾಲವೂ ಅದೇ. ಆದುದರಿಂದ ಈ ಕಾಯಿಲೆಯ ಭಾರವು ಬಹುಮಟ್ಟಿಗೆ ಬಿದ್ದುದು ಕೂಲಿಗಾರರ ಮೇಲೆ, ದನಗಾಹಿಗಳ ಮೇಲೆ, ಸೌದೆಹೊರೆ ಹೊರುವ ಹೆಂಗಸರ ಮೇಲೆ. ಇದಕ್ಕೆಂದೇ ಗೊತ್ತಾದ ಔಷಧವಿಲ್ಲ. ರೋಗಿಯ ಬಲವನ್ನು ಕಾಪಾಡುವ ಶುಶ್ರೂಷೆಯೇ ಚಿಕಿತ್ಸೆ. ರೋಗಕ್ಕೆ ತುತ್ತಾದ ನೂರು ಜನರಲ್ಲಿ ಮೂರರಿಂದ ಹತ್ತು ಜನರವರೆಗೆ ಮರಣ ಹೊಂದುವರೆಂದು ವೈದ್ಯರ ಅಂದಾಜು.

ಔಷಧವಿಲ್ಲದ ರೋಗಕ್ಕೆ ಮುನ್ಸೂಚನೆಯೇ ಮುಖ್ಯವಾದ ರಕ್ಷೆ. ಆ ಮುನ್ಸೂಚನೆಯನ್ನು ಕಾಡೇ ಕೊಡುತ್ತಿತ್ತು. ಅದನ್ನು ಓದಿಕೊಳ್ಳುವವರು ಬೇಕಾಗಿದ್ದರು. ಪುಣೆಯ ಕೇಂದ್ರವು ಸಾಗರದಲ್ಲಿ ಒಂದು ಕ್ಷೇತ್ರಶಾಲೆಯನ್ನು ಸ್ಥಾಪಿಸಿ, ಮಂಗದ ಸಾವುಗಳನ್ನು ಹುಡುಕಿ ಬರೆಯುವ ಕೆಲಸವನ್ನು ವ್ರತದಂತೆ ನಡೆಯಿಸಿತು. ಬಿಳಿಯ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಅದಕ್ಕೆ ಹತ್ತಿದ ಉಣುಗುಗಳನ್ನು ಎಣಿಸುವುದು, ಸತ್ತ ಮಂಗದ ಜಾತಿ, ಸ್ಥಳ, ದಿನ ಇವುಗಳನ್ನು ಬರೆಯುವುದು, ನಕ್ಷೆಯ ಮೇಲೆ ಗುರುತು ಹಾಕುವುದು, ಇವೇ ಅಲ್ಲಿಯ ನಿತ್ಯಕರ್ಮಗಳಾಗಿದ್ದುವು. ೧೯೬೪ರಿಂದ ೧೯೭೩ರವರೆಗಿನ ಹತ್ತು ವರ್ಷಗಳಲ್ಲಿ ಹೀಗೆ ದಾಖಲೆಗೆ ಬಂದ ಸತ್ತ ಮಂಗಗಳು ೧೦೪೬. ಇವುಗಳಲ್ಲಿ ಕಪ್ಪು ಮೋರೆಯ ಮುಸುವಗಳು ೮೬೦, ಸಾಮಾನ್ಯ ಮಂಗಗಳು ೧೮೬.

ಈ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಏನೂ ತೋರದು. ಒಂದು ಹಳ್ಳಿಯವನಿಗೆ ಕಂಡುದು ಒಂದೋ ಎರಡೋ ಮಂಗ. ಆದರೆ ಹತ್ತು ವರ್ಷದ ಸಾಲುಗಳನ್ನು ಕೂಡಿಸಿ ಒಂದೇ ನಕ್ಷೆಯ ಮೇಲೆ ಇಟ್ಟಾಗ, ಮುಸುವಗಳ ಸಾವೇ ಹೆಚ್ಚಾಗಿ ಕಣ್ಣಿಗೆ ಬೀಳುವುದೂ, ಸಾವುಗಳು ಬೇಸಗೆಯ ತಿಂಗಳುಗಳಲ್ಲಿ ಗುಂಪುಗೂಡುವುದೂ, ರೋಗವು ಒಂದು ಕಾಡಿನಿಂದ ಹೊಸ ಕಾಡುಗಳಿಗೆ ಕಾಲಿಡುವುದೂ ಸ್ಪಷ್ಟವಾಗಿ ಗೋಚರಿಸಿದುವು. ೧೮೫೪ರಲ್ಲಿ ಲಂಡನ್ ಪಟ್ಟಣದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಸೇರಿರುವುದನ್ನು ತೋರಿಸಿ, ಆ ಪಂಪಿನ ಹಿಡಿಯನ್ನು ತೆಗೆಯಿಸಿದ ಕಥೆಯು ಲೋಕಪ್ರಸಿದ್ಧವಾಗಿದೆ. ಸಾಗರದ ಕಾಡುಗಳಲ್ಲಿ ನಡೆದುದೂ ಅದೇ ಜಾತಿಯ ಕೆಲಸ. ಉಪಕರಣಗಳು ಅಷ್ಟೇ ಸರಳವಾದುವು: ಒಂದು ಪುಸ್ತಕ, ಒಂದು ಸೀಸದಕಡ್ಡಿ, ಒಂದು ನಕ್ಷೆ.

ಈ ಪರಿಶೋಧನೆಯಲ್ಲಿ ಭಾಗಿಯಾದವರಲ್ಲಿ ಕೊಲಂಬಿಯಾ ದೇಶದ ಹೊರ್ಹೆ ಬೊಶೆಲ್ ಎಂಬ ವಿದ್ವಾಂಸನೂ ಒಬ್ಬನು. ತನ್ನ ದೇಶದಲ್ಲಿ ಮರ ಕಡಿದಾಗ ಮೇಲಿನ ಕೊಂಬೆಗಳ ಸೊಳ್ಳೆಗಳು ಕೆಳಗಿಳಿದು ಹಳದಿ ಜ್ವರವನ್ನು ತರುವುದನ್ನು ಅವನು ಕಣ್ಣಾರೆ ಕಂಡಿದ್ದನು. ಮಲೆನಾಡಿನಲ್ಲಿಯೂ ಕಾಡನ್ನು ಕಡಿದು ಗದ್ದೆ ಮಾಡಿದ ಅಂಚುಗಳಲ್ಲಿ, ಲಂಟಾನದ ಪೊದೆಗಳು ಬೆಳೆದು ದನಗಳು ಮೇಯುವ ಎಡೆಗಳಲ್ಲಿ, ಉಣುಗುಗಳಿಗೆ ಆಹಾರವೂ ಆಶ್ರಯವೂ ದೊರೆಯುವುದನ್ನು ಅವನು ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವೇಚಿಸಿದನು. ರೋಗಾಣುವು ಕಾಡಿನದಾದರೂ, ಅದು ಊರಿಗೆ ಬರುವ ದಾರಿಯನ್ನು ಮಾಡಿಕೊಟ್ಟವನು ಮನುಷ್ಯನೇ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಬರೆದ ಸಾಲು ಕಾರ್ಯವಾಗಿ ಪರಿಣಮಿಸಬೇಕಾದ ಕ್ರಮವು ಹೀಗಿದೆ. ಕಾಡಿನಲ್ಲಿ ಮಂಗವು ಸತ್ತುದನ್ನು ಕಂಡವರು ಕೂಡಲೇ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಸಿಬ್ಬಂದಿಗೋ, ಪಂಚಾಯತಿಗೋ ತಿಳಿಸತಕ್ಕದ್ದು. ತಾವಾಗಿ ಅದನ್ನು ಮುಟ್ಟಕೂಡದು. ಪಶುವೈದ್ಯರು ಬಂದು ಶವಪರೀಕ್ಷೆ ಮಾಡಿ ಅಂಗಾಂಶಗಳ ಮಾದರಿಯನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುವರು. ಶವವನ್ನು ಸುಟ್ಟು, ಅದು ಬಿದ್ದಿದ್ದ ಸ್ಥಳದ ಸುತ್ತ ೫೦ ಅಡಿಗಳವರೆಗೆ ಮೆಲಾಥಿಯಾನ್ ಪುಡಿಯನ್ನು ಎರಚುವರು. ಆ ಕಾಡಿಗೆ ಹೋಗದಂತೆ ಊರಿನವರಿಗೆ ಎಚ್ಚರಿಕೆ ಕೊಡುವರು. ಹೋಗಲೇಬೇಕಾದವರಿಗೆ ಕೈಕಾಲುಗಳಿಗೆ ಹಚ್ಚಿಕೊಳ್ಳಲು ಹಿಂದೆ ಡಿ.ಎಂ.ಪಿ. ತೈಲವನ್ನೂ, ಈಚಿನ ವರ್ಷಗಳಲ್ಲಿ ಡೆಪಾ ಎಂಬ ತೈಲವನ್ನೂ ಹಂಚಿರುವರು. ಲಸಿಕೆಯು ಇದ್ದ ಕಾಲದಲ್ಲಿ, ರೋಗವು ಸ್ಥಿರಪಟ್ಟ ಸ್ಥಳದಿಂದ ೫ ಕಿಲೋಮೀಟರು ಸುತ್ತಳತೆಯ ಹಳ್ಳಿಗಳಿಗೆ ಅದನ್ನು ಹಾಕುತ್ತಿದ್ದರು. ಇಷ್ಟು ಕಾರ್ಯಗಳಿಗೂ ಮೂಲವು ಆ ಮೊದಲ ಸಾಲು. ದಿನವನ್ನು ತಪ್ಪಾಗಿ ಬರೆದರೆ ಎಚ್ಚರಿಕೆಯು ತಡವಾಗುವುದು. ಸ್ಥಳವನ್ನು ತಪ್ಪಾಗಿ ಬರೆದರೆ ಪುಡಿಯು ಬೇರೆ ಕಾಡಿನಲ್ಲಿ ಬೀಳುವುದು.

ಕ್ರಮವು ಹೀಗಿದ್ದರೂ ಈ ಸರಪಳಿಯು ಎಷ್ಟೋ ಕಡೆಗಳಲ್ಲಿ ತುಂಡಾಗುವುದುಂಟು. ಒಂದು ಮಂಗದ ಸಾವು ಆರೋಗ್ಯ, ಪಶುವೈದ್ಯ, ಅರಣ್ಯವೆಂಬ ಮೂರು ಇಲಾಖೆಗಳ ಪುಸ್ತಕಗಳಿಗೆ ಸಂಬಂಧಿಸಿದುದು. ಮೂರು ಪುಸ್ತಕಗಳಲ್ಲಿ ಮೂರು ವಿಧವಾಗಿ ಬರೆದರೆ ಯಾರಿಗೂ ಪೂರ್ಣಚಿತ್ರವು ದೊರೆಯದು. ಹಿಂದೆ ಮಾದರಿಗಳನ್ನು ಪುಣೆಗೆ ಕಳುಹಿಸಿ, ಇಲಿಮರಿಗಳಿಗೆ ಚುಚ್ಚಿ ಪರೀಕ್ಷಿಸಬೇಕಾಗಿದ್ದಾಗ ಉತ್ತರವು ಬರುವಷ್ಟರಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುತ್ತಿತ್ತು. ವೈರಸ್ಸಿನ ಬೀಜಾಂಶವನ್ನು ನೇರವಾಗಿ ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆಯು ಬಳಕೆಗೆ ಬಂದು, ಶಿವಮೊಗ್ಗೆಯ ಪ್ರಯೋಗಶಾಲೆಯಲ್ಲಿಯೇ ಅದನ್ನು ಮಾಡುವಂತಾದ ಮೇಲೆ ಈ ವಿಳಂಬವು ಬಹುಮಟ್ಟಿಗೆ ಕುಗ್ಗಿತು.

೨೦೧೮ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಕಾಯಿಲೆಯು ಹೊತ್ತಿಕೊಂಡು, ೨೦೧೯ರ ಬೇಸಗೆಯವರೆಗೆ ಹಬ್ಬಿ ಹಲವರನ್ನು ಬಲಿತೆಗೆದುಕೊಂಡಿತು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳೂ ಆ ವರ್ಷಗಳಲ್ಲಿ ಭಯದಿಂದಲೇ ಬೇಸಗೆಯನ್ನು ಕಳೆದುವು. ಈ ದುರಂತವು ಕಲಿಸಿದ ಪಾಠವು ಕಠೋರವಾದುದು. ಹಿಂದಿನ ವರ್ಷದ ರೋಗಸ್ಥಾನಗಳ ಸುತ್ತ ಎಳೆದ ವೃತ್ತವು ರೋಗವು ಹೊಸದಾಗಿ ಕಾಲಿಟ್ಟ ಹಳ್ಳಿಯನ್ನು ಕಾಪಾಡಲಾರದು. ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ ಹಾಕಬೇಕಾಗಿದ್ದ ಲಸಿಕೆಯು, ಜನರು ಹಾಸಿಗೆ ಹಿಡಿದ ಮೇಲೆ ತಂದರೆ ಸಕಾಲಕ್ಕೆ ಫಲಿಸದು. ಆದುದರಿಂದ ಮನುಷ್ಯನ ಜ್ವರವನ್ನು ಎಣಿಸುವುದಕ್ಕಿಂತ ಮೊದಲು ಮಂಗದ ಸಾವನ್ನು ಎಣಿಸಬೇಕು. ಅದನ್ನೂ ಬೇಸಗೆಗೆ ಕಾಯದೆ ಎಣಿಸಬೇಕು.

ಲಸಿಕೆಯ ಚರಿತ್ರೆಯೂ ಲೆಕ್ಕದ ಬೆಲೆಯನ್ನು ತೋರಿಸತಕ್ಕದ್ದೇ ಆಗಿದೆ. ಕೋಳಿಯ ಭ್ರೂಣದ ಕೋಶಗಳಲ್ಲಿ ಬೆಳೆಯಿಸಿ ನಿರ್ಜೀವಗೊಳಿಸಿದ ವೈರಸ್ಸಿನಿಂದ ತಯಾರಾದ ಈ ಲಸಿಕೆಯು ೧೯೯೦ರಿಂದ ಮಲೆನಾಡಿನಲ್ಲಿ ಬಳಕೆಗೆ ಬಂದಿತು. ಮೊದಲಿನ ಕ್ಷೇತ್ರಪರೀಕ್ಷೆಯಲ್ಲಿ ಎರಡು ಬಾರಿ ಹಾಕಿಸಿಕೊಂಡವರಿಗೆ ನೂರಕ್ಕೆ ೯೩.೫ರಷ್ಟು ರಕ್ಷಣೆ ದೊರೆಯುವುದೆಂದು ಕಂಡುಬಂದಿತ್ತು. ಆದರೆ ೨೦೦೫ರಿಂದ ೨೦೧೦ರವರೆಗಿನ ಲಸಿಕೆಯ ಪಟ್ಟಿಗಳನ್ನೂ ರೋಗಿಗಳ ಪಟ್ಟಿಗಳನ್ನೂ ಹೋಲಿಸಿ ನೋಡಿದಾಗ, ಎರಡು ಬಾರಿಯ ಲಸಿಕೆಯಿಂದ ದೊರೆತ ರಕ್ಷಣೆಯು ನೂರಕ್ಕೆ ೬೨.೪ ಮಾತ್ರವೆಂದೂ, ಮುಂದಿನ ಬಲವರ್ಧಕವನ್ನೂ ಹಾಕಿಸಿಕೊಂಡವರಲ್ಲಿ ೮೨.೯ ಎಂದೂ ೨೦೧೩ರಲ್ಲಿ ಪ್ರಕಟವಾಯಿತು. ಚುಚ್ಚಿದ ನೋವಿಗೆ ಹೆದರಿ ಮುಂದಿನ ಬಾರಿಗಳನ್ನು ತಪ್ಪಿಸಿದವರೂ ಬಹಳ. ಹಳ್ಳಿಯ ದಾದಿಯರು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕಗಳಿಲ್ಲದಿದ್ದರೆ ಈ ಸತ್ಯವು ಯಾರಿಗೂ ತಿಳಿಯುತ್ತಿರಲಿಲ್ಲ. ಪೂರ್ಣರಕ್ಷಣೆಯಿದೆಯೆಂಬ ಭ್ರಮೆಯಲ್ಲಿಯೇ ಜನರು ಕಾಡಿಗೆ ಹೋಗುತ್ತಿದ್ದರು. ಕಡೆಗೆ ಲಸಿಕೆಯ ಶಕ್ತಿಯು ಸಾಲದೆಂದು ೨೦೨೨ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯೊಂದನ್ನು ಸಿದ್ಧಪಡಿಸುವ ಪ್ರಯತ್ನವು ಆ ಬಳಿಕ ಆರಂಭವಾಗಿದೆ. ಲಸಿಕೆಯಿಲ್ಲದ ಈ ನಡುಗಾಲದಲ್ಲಿ, ೨೦೨೪ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನಿಂದ ಸಾವಿನ ಸುದ್ದಿಯು ಬಂದಾಗ, ಎಚ್ಚರಿಕೆಯ ಪುಸ್ತಕದ ಬೆಲೆಯು ಮತ್ತೊಮ್ಮೆ ಮನವರಿಕೆಯಾಯಿತು.

ಈ ಕಾರ್ಯದಲ್ಲಿ ಮುಂಚೂಣಿಯಲ್ಲಿ ನಿಂತವರು ಆಶಾ ಕಾರ್ಯಕರ್ತೆಯರು. ೨೦೦೫ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಯಾ ಊರಿನ ಹೆಂಗಸರನ್ನೇ ಈ ಸೇವೆಗೆ ಆರಿಸುವ ಪದ್ಧತಿಯು ಬಂದಿತು. ಮಲೆನಾಡಿನಲ್ಲಿ ಸಾವಿರ ಜನರೆಂದರೆ ಗುಡ್ಡಕ್ಕೊಂದು ಕಣಿವೆಗೊಂದು ಮನೆಗಳು. ಸಂಕ, ಹಳ್ಳ, ಕಾಡುದಾರಿಗಳನ್ನು ದಾಟಿ ಮನೆಮನೆಗೂ ಹೋಗಿ, ಜ್ವರವಿರುವವರಾರು, ಕಾಡಿಗೆ ಹೋಗಿ ಬಂದವರಾರು, ತೈಲವು ಯಾರಿಗೆ ಮುಟ್ಟಿಲ್ಲವೆಂಬುದನ್ನು ವಿಚಾರಿಸಿ ಬರೆಯುವುದು ಇವರ ಕಾಯಕ. ಕಾಯಕವೆಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಉಣುಗಿರುವ ದಾರಿಯಲ್ಲಿಯೇ ನಡೆದು ಇತರರನ್ನು ಉಣುಗಿನಿಂದ ಕಾಪಾಡುವ ಕೆಲಸಕ್ಕೆ ಬೇರೆ ಹೆಸರು ಒಪ್ಪುವುದಿಲ್ಲ.

ಈಚೆಗೆ ಪುಸ್ತಕದ ಜೊತೆಗೆ ಮೊಬೈಲ್ ಫೋನೂ ಸೇರಿದೆ. ಮಂಗವು ಬಿದ್ದ ಸ್ಥಳದಲ್ಲಿಯೇ ನಿಂತು ಸಣ್ಣದೊಂದು ನಮೂನೆಯನ್ನು ತುಂಬಿದರೆ ಆ ಸ್ಥಳದ ಅಕ್ಷಾಂಶ ರೇಖಾಂಶಗಳೂ ದಿನವೂ ತಾನಾಗಿ ದಾಖಲಾಗಿ, ಮೂರು ಇಲಾಖೆಗಳವರೂ ಒಂದೇ ನಕ್ಷೆಯನ್ನು ನೋಡಬಹುದಾಗಿದೆ. ೨೦೨೦ರಲ್ಲಿ ಇಂಗ್ಲೆಂಡಿನ ಮತ್ತು ಭಾರತದ ವಿದ್ವಾಂಸರು ಆರೋಗ್ಯ ಇಲಾಖೆಯವರೊಡನೆ ಸೇರಿ, ಯಾವ ಬಗೆಯ ನೆಲದಲ್ಲಿ ರೋಗಭಯವು ಹೆಚ್ಚೆಂಬುದನ್ನು ಸೂಚಿಸುವ ನಕ್ಷೆಗಳನ್ನು ಪ್ರಕಟಿಸಿದರು. ಕಾಡೂ ತೋಟವೂ ಹೆಣೆದುಕೊಂಡಿರುವ ಸ್ಥಳಗಳಲ್ಲಿ, ಸದಾ ಹಸುರಾದ ತೇವದ ಕಾಡಿನ ಮಗ್ಗುಲಲ್ಲಿ, ನಾಡದನಗಳು ಹೆಚ್ಚಿರುವಲ್ಲಿ ಭಯವು ಅಧಿಕವೆಂದು ಅವುಗಳಿಂದ ತಿಳಿದುಬಂದಿತು. ಅಡಕೆಯ ತೋಟ, ಸೊಪ್ಪಿನಬೆಟ್ಟ, ಕೊಟ್ಟಿಗೆ ಇವುಗಳ ನಡುವೆಯೇ ಬಾಳುವ ಮಲೆನಾಡಿಗನ ಅಂಗಳದ ವರ್ಣನೆಯೇ ಇದು. ಬೊಶೆಲ್ ಕಾಲುನಡಿಗೆಯಲ್ಲಿ ಕಂಡುದನ್ನು ಗಣಿತವು ಐವತ್ತು ವರ್ಷಗಳ ಮೇಲೆ ಬಲಪಡಿಸಿದಂತಾಯಿತು.

ಹೀಗೆಂದು ಉಪಕರಣಗಳನ್ನೇ ದೇವರೆಂದು ಪೂಜಿಸಲಾಗದು. ದಾಖಲೆಯಲ್ಲಿ ಮಂಗದ ಸಾವಿಲ್ಲವೆಂದರೆ ಕಾಡಿನಲ್ಲಿ ಮಂಗವು ಸತ್ತಿಲ್ಲವೆಂದಲ್ಲ. ಕಂಡವರು ಹೇಳಲಿಲ್ಲವೆಂದೂ ಆಗಬಹುದು, ಆ ಕಾಡಿಗೆ ಯಾರೂ ಹೋಗಲಿಲ್ಲವೆಂದೂ ಆಗಬಹುದು. ಸುದ್ದಿಯನ್ನು ತಂದ ಕೂಲಿಯವನನ್ನು ಕಾಡಿಗೇಕೆ ಹೋದೆಯೆಂದು ಗದರಿಸಿದರೆ ಮುಂದಿನ ಸಲ ಅವನು ಬಾಯಿಬಿಡನು. ತಾನು ಹೇಳಿದ ಮಂಗಕ್ಕೆ ರೋಗವಿತ್ತೋ ಇಲ್ಲವೋ ಎಂಬ ಉತ್ತರವು ಅವನಿಗೆ ಮರಳಿ ಬಾರದಿದ್ದರೆ, ಹೇಳಿ ಪ್ರಯೋಜನವೇನೆಂದು ಅವನು ಉದಾಸೀನನಾಗುವನು. ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವ ಲೆಕ್ಕವು ಕಂದಾಯವಾಗುವುದು; ಮೇಲಿನಿಂದ ಕೆಳಕ್ಕೂ ಬರುವ ಲೆಕ್ಕವೇ ಸೇವೆಯಾಗುವುದು. ಅಘೋರೇಶ್ವರನ ಗುಡಿಯ ಕಲ್ಲಿನಲ್ಲಿ ಅಳತೆಯನ್ನು ತೆರೆದಿಟ್ಟವರ ಅಭಿಪ್ರಾಯವೂ ಇದೇ ಆಗಿದ್ದಿರಬೇಕು.

ಕ್ಯಾಸನೂರಿನಲ್ಲಿ ಹುಟ್ಟಿದ ಹೆಸರಿನ ಈ ಕಾಯಿಲೆಯು ೨೦೧೨ರ ತರುವಾಯ ಬಂಡೀಪುರ, ನೀಲಗಿರಿ, ವಯನಾಡು, ಗೋವೆ, ಸಿಂಧುದುರ್ಗಗಳವರೆಗೂ ಕಾಣಿಸಿಕೊಂಡಿದೆ. ಮಲೆನಾಡಿನ ಮೂರು ತಾಲ್ಲೂಕುಗಳು ಕಷ್ಟಪಟ್ಟು ಕಲಿತ ವಿದ್ಯೆಯು ಈಗ ಸಹ್ಯಾದ್ರಿಯ ಉದ್ದಕ್ಕೂ ಬೇಕಾಗಿದೆ. ಆ ವಿದ್ಯೆಯಲ್ಲಿ ಗಹನವಾದುದೇನೂ ಇಲ್ಲ. ಜಾತ್ರೆ, ಶಿವರಾತ್ರಿ, ಸಂತೆ ಮೊದಲಾದ ಜನ ಸೇರುವ ಸಂದರ್ಭಗಳು ಬಹುಮಟ್ಟಿಗೆ ಕಾಯಿಲೆಯ ತಿಂಗಳುಗಳಲ್ಲಿಯೇ ಬರುವುವು. ಅಲ್ಲಿ ಕೂಡಿದ ಭಕ್ತಮಹಾಶಯರು ಒಂದು ಮಾತನ್ನು ನೆನಪಿಟ್ಟು ನೆರೆಯವರಿಗೂ ತಿಳಿಸಿದರೆ ಸಾಕು: ಕಾಡಿನಲ್ಲಿ ಮಂಗವು ಸತ್ತುಬಿದ್ದುದನ್ನು ಕಂಡವರು ಅದನ್ನು ಮುಟ್ಟದೆ, ಅದೇ ದಿನವೇ, ಸ್ಥಳವನ್ನು ನಿಖರವಾಗಿ ಹೇಳಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸತಕ್ಕದ್ದು. ಆಕೆಯು ಅದನ್ನು ಬರೆದುಕೊಳ್ಳುವಳು. ಆ ಒಂದು ಸಾಲಿನಿಂದ, ಮರುದಿನ ಅದೇ ದಾರಿಯಲ್ಲಿ ದರಗಿಗೆ ಹೋಗಬೇಕಾಗಿದ್ದ ತಾಯಿಯೊಬ್ಬಳು ಮನೆಯಲ್ಲಿಯೇ ನಿಂತಾಳು.